ಮಾವನ ಬೋರ್‌ವೆಲ್ಲು, ನನ್ನ ಕಾರ್ಬನ್ನು
ನಿನ್ನೆ ಪುಣೆಯ ನಮ್ಮ ಸೊಸೈಟೀಲಿ ಚಹಾ ಕುಡೀತಾ ವಿಜಾಪುರದ ಮಾವ ಕೇಳಿದ್ರು, "ಅಲ್ಲೋ ತಮ್ಮಾ, ನೀರಾಗ ಪೆಟ್ರೋಲ್ ಕೂಡ್ಯದ ಅಂದ್ರ ಅದು ಎಲ್ಲೀದು ಅಂತ ಹೆಂಗ ಗೊತ್ತಾಗ್ತದ?" ಲ್ಯಾಬಲ್ಲಿ ಇದೇ ಕೆಲಸ ಮಾಡೋನು ನಾನು, ಬಿಡ್ತೀನಾ, ಚಹಾ ಆರೋವರೆಗೂ ಕೊರೆದೆ.

ಕಾರ್ಬನ್‌ನಲ್ಲಿ ಎರಡು ಸ್ಥಿರ ಐಸೊಟೋಪು (ಅಂದ್ರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು), ಕಾರ್ಬನ್-12 ಮತ್ತೆ ಸ್ವಲ್ಪ ಭಾರದ ಕಾರ್ಬನ್-13, ಈ ಎರಡನೇದು ಪ್ರಕೃತೀಲಿ ಸುಮಾರು 1.1% ಅಷ್ಟೇ. ಪೆಟ್ರೋಲಲ್ಲಿರೋ ಬೆಂಜೀನ್ ಅನ್ನೋ ಕಾರ್ಬನ್-ಹೈಡ್ರೋಜನ್ ರಾಸಾಯನಿಕಾನ ಬ್ಯಾಕ್ಟೀರಿಯಾ ತಿನ್ನುವಾಗ ಹಗುರ ಕಾರ್ಬನ್ ಇರೋ ಬಂಧ ಬೇಗ ಮುರಿಯುತ್ತೆ, ಹಾಗಾಗಿ ಉಳಿದಿದ್ರಲ್ಲಿ 13ರ ಪಾಲು ಏರ್ತಾ ಹೋಗುತ್ತೆ. ಬರೀ ಮಳೆನೀರು ಸೇರಿ ತೆಳುವಾದ್ರೆ ಬೆಂಜೀನ್ ಪ್ರಮಾಣ ಇಳಿಯುತ್ತೆ, 13 ಮತ್ತೆ 12ರ ಅನುಪಾತ ಮಾತ್ರ ಹಾಗೇ ಇರುತ್ತೆ. ನನಗೆ ಭಾರಿ ಇಷ್ಟ ಆಗೋದು ಇದೇನೇ, ಯಾಕಂದ್ರೆ "ಮಾಲಿನ್ಯ ಕಮ್ಮಿ ಆಯ್ತು" ಅನ್ನೋರು ಅದು ನಿಜವಾಗ್ಲೂ ನಾಶ ಆಯ್ತಾ ಇಲ್ಲಾ ಸುಮ್ನೆ ಹರಡ್ತಾ ಅಂತ ಹೇಳೋದೇ ಇಲ್ಲ.

ಮೂಲ ಹುಡುಕೋದು ಇನ್ನೂ ತಲೆನೋವು. ಸೋರಿರಬಹುದಾದ ಪೆಟ್ರೋಲ್ ಟ್ಯಾಂಕುಗಳ ಅನುಪಾತ ಬೇರೆ ಬೇರೆ ಇದ್ರೆ ಗುರುತು ಸಿಗಬಹುದು, ಎರಡು ಟ್ಯಾಂಕಿನ ಅನುಪಾತ ಒಂದೇ ಥರ ಇದ್ರೆ ಕಾರ್ಬನ್ ಸಾಲಲ್ಲ, ಹೈಡ್ರೋಜನ್ ಐಸೊಟೋಪುಗಳ ಅನುಪಾತಾನೂ ನೋಡ್ಬೇಕು.

"ಹಂಗಾರ ನಮ್ಮ ಬೋರ್‌ವೆಲ್ ನೀರು ಒಂದ್ ಬಾಟ್ಲಿ ಒಯ್ಯಿ" ಅಂದ್ರು ಮಾವ. ಅರ್ಧ ತುಂಬಿದ ಬಿಸ್ಲೇರಿ ಬಾಟ್ಲಿ! ಬೆಂಜೀನ್ ದಾರೀಲೇ ಹಾರಿಹೋಗುತ್ತೆ ಮಾವ, ಗಾಜಿನ ಶೀಶೆ ಬೇಕು, ಒಳಗೆ ಗಾಳಿಗುಳ್ಳೆ ಇರಬಾರ್ದು ಅಂದೆ.