6,90,000 ಮತಗಳ ಮುನ್ನಡೆ

2020ರ ನವೆಂಬರ್ 3ರ ಅಧ್ಯಕ್ಷೀಯ ಚುನಾವಣೆಯ ರಾತ್ರಿ ಅಮೆರಿಕದ ಟಿವಿ ಪರದೆಗಳ ಮೇಲೆ ಏನು ಕಾಣಲಿದೆ ಎಂಬುದು ಮತ ಎಣಿಕೆಯ ಕೆಲಸ ಬಲ್ಲವರಿಗೆ ಸೆಪ್ಟೆಂಬರ್‌ನಲ್ಲೇ ಗೊತ್ತಿತ್ತು. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲಿ ಮೊದಲು ಡೊನಾಲ್ಡ್ ಟ್ರಂಪ್ ಮುಂದಿರುತ್ತಾರೆ, ಆಮೇಲೆ ಜೋ ಬೈಡನ್ ಹತ್ತಿರ ಬರುತ್ತಾರೆ. ಇದಕ್ಕೆ ‘ಕೆಂಪು ಮರೀಚಿಕೆ’ ಎಂದು ಹೆಸರೂ ಬಿದ್ದಿತ್ತು. ಕೆಂಪು ರಿಪಬ್ಲಿಕನ್ನರ ಬಣ್ಣ, ನೀಲಿ ಡೆಮಾಕ್ರಟರದು. ಇಷ್ಟೆಲ್ಲ ಮೊದಲೇ ಹೇಳಿದ್ದರೂ ಆ ರಾತ್ರಿ ಪಕ್ಷದ ವಕ್ತಾರರ ಬಾಯಿಂದ ಹೊರಟ ಮಾತುಗಳು ನನಗೆ ಇವತ್ತಿಗೂ ಸಿಟ್ಟು ತರಿಸುತ್ತವೆ. ಯಾಕೆ ಎಂದು ಹೇಳಬೇಕಾದರೆ ಸ್ಟುಡಿಯೋ ಬಿಟ್ಟು ಎಣಿಕೆ ಕೋಣೆಗೆ ಹೋಗಬೇಕು.

ಪೆನ್ಸಿಲ್ವೇನಿಯಾವನ್ನೇ ನೋಡೋಣ. ಯಾವ ಕಾರಣವನ್ನೂ ಕೊಡದೆ ಅಂಚೆಯಲ್ಲಿ ಮತ ಹಾಕುವ ಅವಕಾಶ ಅಲ್ಲಿ ಬಂದದ್ದೇ 2019ರ ಕಾನೂನಿನಿಂದ. ಮರುವರ್ಷ ಕೋವಿಡ್ ಬಂತು. ಒಟ್ಟು ಸುಮಾರು 69 ಲಕ್ಷ ಮತಗಳಲ್ಲಿ 26 ಲಕ್ಷದಷ್ಟು ಅಂಚೆಯಲ್ಲೇ ಬಂದವು. ಮತದಾರ ಮೊದಲು ಮತಪತ್ರವನ್ನು ಒಂದು ಗೌಪ್ಯ ಲಕೋಟೆಯೊಳಗೆ ಇಟ್ಟು ಅಂಟಿಸಬೇಕು. ಆ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಇಟ್ಟು, ಹೊರಗಿನ ಘೋಷಣೆಗೆ ಸಹಿ ಮಾಡಿ ದಿನಾಂಕ ಬರೆಯಬೇಕು. ಒಳಗಿನ ಲಕೋಟೆ ಮರೆತರೆ ಅದು ‘ಬೆತ್ತಲೆ ಮತಪತ್ರ’. ಅದನ್ನು ಎಣಿಸುವಂತಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಆ ಸೆಪ್ಟೆಂಬರ್ 17ರಂದು ಹೇಳಿತ್ತು.

ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಕಚೇರಿಗೆ ಬಂದ ಲಕೋಟೆಯ ಬಾರ್‌ಕೋಡ್ ಓದಿಸಿ, ಬಂತೆಂದು ದಾಖಲಿಸಿ, ಬೀಗ ಹಾಕಿ ಇಡುತ್ತಾರೆ. ಚುನಾವಣೆಯ ದಿನ ಬೆಳಿಗ್ಗೆ 7 ಗಂಟೆಯವರೆಗೆ ಯಾರೂ ಅದನ್ನು ಒಡೆಯುವಂತಿಲ್ಲ. ಅದು ಕಾನೂನು. ವಾರಗಟ್ಟಲೆ ಮೊದಲು ಬಂದ ಲಕೋಟೆಯೂ ಅಲ್ಲೇ ಕಾಯಬೇಕು. 7 ಗಂಟೆಗೆ ಹೊರ ಲಕೋಟೆಯ ಸಹಿ ನೋಡುತ್ತಾರೆ, ಅದನ್ನು ಸೀಳಿ ಒಳ ಲಕೋಟೆ ತೆಗೆಯುತ್ತಾರೆ, ಯಾರದು ಯಾವುದೆಂದು ತಿಳಿಯದಂತೆ ಅವನ್ನೆಲ್ಲ ಬೆರೆಸುತ್ತಾರೆ, ಮತ್ತೆ ಅದನ್ನೂ ಸೀಳುತ್ತಾರೆ. ಮಡಿಸಿದ ಕಾಗದವನ್ನು ಹಿಮ್ಮುಖ ಬಗ್ಗಿಸಿ ನೆಟ್ಟಗೆ ಮಾಡಬೇಕು, ಇಲ್ಲದಿದ್ದರೆ ಸ್ಕ್ಯಾನರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹರಿದದ್ದು, ಒದ್ದೆಯಾದದ್ದು ಯಂತ್ರಕ್ಕೆ ಓದಲು ಬಾರದು. ಅದರಲ್ಲಿರುವ ಗುರುತುಗಳನ್ನು ಹೊಸ ಮತಪತ್ರಕ್ಕೆ ಕೈಯಿಂದ ನಕಲು ಮಾಡಬೇಕು. ಅದೇ ದಿನ ಮತಗಟ್ಟೆಗಳನ್ನೂ ಅದೇ ಕಚೇರಿ ನಡೆಸಬೇಕು. ಅಷ್ಟು ಸಿಬ್ಬಂದಿ ಇಲ್ಲದ ಕೆಲವು ಕೌಂಟಿಗಳು ಅಂಚೆ ಮತಗಳನ್ನು ಮರುದಿನಕ್ಕೇ ಬಿಟ್ಟವು.

ಇದರ ಫಲ ಏನೆಂದರೆ, ರಾತ್ರಿ 8 ಗಂಟೆಗೆ ಮತಗಟ್ಟೆ ಮುಚ್ಚಿದ ಮೇಲೆ ಬೇಗ ಹೊರಬೀಳುವುದು ಆ ದಿನ ಖುದ್ದಾಗಿ ಹೋಗಿ ಹಾಕಿದ ಮತಗಳು. ಆ ವರ್ಷ ಹಾಗೆ ಹೋದವರಲ್ಲಿ ಟ್ರಂಪ್ ಬೆಂಬಲಿಗರೇ ಹೆಚ್ಚು, ಏಕೆಂದರೆ ಬೇಸಿಗೆಯಿಡೀ ಅಂಚೆ ಮತದಾನದ ಮೇಲೆ ಅವರ ನಾಯಕನೇ ಅನುಮಾನ ಬಿತ್ತಿದ್ದರು. ಡೆಮಾಕ್ರಟರು ಅಂಚೆಯಲ್ಲೇ ಹಾಕಿ ಎಂದಿದ್ದರು. ಪೆನ್ಸಿಲ್ವೇನಿಯಾದ ಅಂಚೆ ಮತಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಬೈಡನ್ ಅವರದು. ರಾಜ್ಯದ ಅತಿ ದೊಡ್ಡ ನಗರ ಫಿಲಡೆಲ್ಫಿಯಾದಲ್ಲಿ ಅದಕ್ಕಿಂತಲೂ ಹೆಚ್ಚು.

ರಾತ್ರಿ ಸುಮಾರು 2.20ಕ್ಕೆ ಟ್ರಂಪ್ ಶ್ವೇತಭವನದಲ್ಲಿ ಮಾತಾಡಿದರು. ಪೆನ್ಸಿಲ್ವೇನಿಯಾದಲ್ಲಿ 6,90,000 ಮತಗಳಿಂದ ಮುಂದಿದ್ದೇವೆ ಎಂದರು. ಆ ಅಂಕಿ ಸುಳ್ಳಲ್ಲ, ಪರದೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದರಿಂದ ಅವರು ತೆಗೆದ ಅರ್ಥ ಸುಳ್ಳು: ಈ ಚುನಾವಣೆಯನ್ನು ನಾವು ಗೆದ್ದಾಗಿದೆ ಎಂದುಬಿಟ್ಟರು. ಆ ಹೊತ್ತಿಗೆ ರಾಜ್ಯದಲ್ಲಿ 10 ಲಕ್ಷಕ್ಕೂ ಹೆಚ್ಚು ಅಂಚೆ ಮತಗಳ ಎಣಿಕೆ ಬಾಕಿ ಇತ್ತು. ನಾಲ್ಕರಲ್ಲಿ ಮೂರರ ಲೆಕ್ಕ ಹಿಡಿದರೆ ಪ್ರತಿ 10 ಲಕ್ಷಕ್ಕೆ 5 ಲಕ್ಷದ ಅಂತರ ಕರಗುತ್ತದೆ. ಫಿಲಡೆಲ್ಫಿಯಾದ ಪಾಲು ಹೆಚ್ಚಿದಷ್ಟೂ ಇನ್ನೂ ಬೇಗ. ಈ ಗುಣಾಕಾರ ಮಾಡಲು ಪಕ್ಷದ ಕಾರ್ಡ್ ಬೇಕಿಲ್ಲ. ಆದರೆ ಬಹಳಷ್ಟು ಚರ್ಚೆಗಳಲ್ಲಿ ಮುನ್ನಡೆಯ ಅಂಕಿ ದೊಡ್ಡದಾಗಿ ಕಾಣುತ್ತಿತ್ತು, ಬಾಕಿ ಲಕೋಟೆಗಳ ಸಂಖ್ಯೆ ಕಾಣುತ್ತಿರಲಿಲ್ಲ.

ಪರದೆಯ ಮೂಲೆಯಲ್ಲಿ ಬರುವ ‘ಇಷ್ಟು ಶೇಕಡಾ ಮತಗಟ್ಟೆಗಳ ಫಲಿತಾಂಶ ಬಂದಿದೆ’ ಎಂಬ ಸಾಲಿನದೂ ಇದೇ ತೊಂದರೆ. ಅಂಚೆ ಮತಗಳನ್ನು ಬೇರೆಯಾಗಿ, ಒಂದೇ ಕೇಂದ್ರದಲ್ಲಿ ಎಣಿಸುವ ಕಡೆ, ಅಂದಿನ ಖುದ್ದು ಮತಗಳು ಬಂದ ಕೂಡಲೇ ಆ ಮತಗಟ್ಟೆ ‘ಬಂದಿದೆ’ ಎಂದು ಲೆಕ್ಕಕ್ಕೆ ಸೇರುತ್ತದೆ. ಅಂಕಿ ಮೇಲೇರುತ್ತದೆ, ಪೆಟ್ಟಿಗೆಗಳು ಇನ್ನೂ ಮುಚ್ಚಿರುತ್ತವೆ. ಈ ಕಾರಣಕ್ಕೇ ಎಣಿಕೆ ಮುಗಿಯುವ ಮೊದಲೇ ಗೆದ್ದವರು ಯಾರೆಂದು ಲೆಕ್ಕ ಹಾಕಿ ಘೋಷಿಸುವ ಸುದ್ದಿಸಂಸ್ಥೆಗಳ ತಜ್ಞರು ನಿರೀಕ್ಷಿತ ಒಟ್ಟು ಮತದ ಅಂದಾಜು ಇಟ್ಟುಕೊಂಡು, ಅದರಲ್ಲಿ ಎಷ್ಟು ಬಂತು ಎಂದು ನೋಡತೊಡಗಿದರು.

ಎಣಿಕೆಯ ಕ್ರಮವೇ ಚಿತ್ರ ಬದಲಿಸುತ್ತದೆ ಎಂಬುದಕ್ಕೆ ಸಾಕ್ಷಿ ಅದೇ ರಾತ್ರಿ, ಅದೇ ಪರದೆಯ ಮೇಲಿತ್ತು. ಓಹಾಯೋದಲ್ಲಿ ಮುಂಚಿತ ಮತಗಳನ್ನು ಮೊದಲೇ ಸಿದ್ಧ ಮಾಡಿಕೊಂಡು ಮೊದಲು ಹೊರಬಿಡುತ್ತಾರೆ. ಹಾಗಾಗಿ ಅಲ್ಲಿ ಆರಂಭದಲ್ಲಿ ಬೈಡನ್ ಮುಂದಿದ್ದರು, ಗೆದ್ದದ್ದು ಟ್ರಂಪ್. ಅಲ್ಲಿ ಯಾರೂ ಕಳ್ಳತನ ಎನ್ನಲಿಲ್ಲ.

ಅರಿಜೋನಾ ಇನ್ನೂ ಚೆನ್ನಾಗಿ ಕಲಿಸುತ್ತದೆ. ಅಲ್ಲಿ ಮುಂಚಿತ ಮತಗಳ ಎಣಿಕೆ ಎರಡು ವಾರ ಮೊದಲೇ ಶುರುವಾಗಿತ್ತು, ಮೊದಲ ಕಂತು ಬೈಡನ್‌ಗೆ ಒಲಿಯಿತು. ರಾತ್ರಿ 11.20ಕ್ಕೆ ಫಾಕ್ಸ್ ನ್ಯೂಸ್ ಚಾನೆಲ್‌ನ ಡಿಸಿಷನ್ ಡೆಸ್ಕ್, ಅಂದರೆ ಅಂಥ ತಜ್ಞರ ತಂಡ, ಆ ರಾಜ್ಯವನ್ನು ಬೈಡನ್ ಖಾತೆಗೆ ಹಾಕಿತು. ಎಪಿ ಸುದ್ದಿಸಂಸ್ಥೆ ಬೆಳಗಿನ ಜಾವ 2.51ಕ್ಕೆ ಅದನ್ನೇ ಹೇಳಿತು. ಉಳಿದ ದೊಡ್ಡ ಚಾನೆಲ್‌ಗಳು ನವೆಂಬರ್ 12ರ ರಾತ್ರಿಯವರೆಗೆ ಕಾದವು. ಕೊನೆಯ ದಿನ ತಂದುಕೊಟ್ಟ ಲಕೋಟೆಗಳು ಟ್ರಂಪ್ ಕಡೆ ವಾಲುತ್ತಿದ್ದುದರಿಂದ ಅಂತರ ದಿನದಿನಕ್ಕೆ ಕುಗ್ಗಿ ಕೊನೆಗೆ 10,457ಕ್ಕೆ ನಿಂತಿತು. ಅಷ್ಟು ಕಡಿಮೆ ಅಂತರದ ರಾಜ್ಯವನ್ನು ಅಷ್ಟು ಬೇಗ ಘೋಷಿಸಿದ್ದು ಅವಸರ ಎಂದೇ ನನ್ನ ಅಭಿಪ್ರಾಯ, ಫಲಿತಾಂಶ ಸರಿಯಾಗಿ ಬಂದರೂ. 2000ರ ಫ್ಲಾರಿಡಾವನ್ನು ಮರೆಯಬಾರದಿತ್ತು: ಅಂದು ಸಂಜೆ ಚಾನೆಲ್‌ಗಳು ಡೆಮಾಕ್ರಟ್ ಅಭ್ಯರ್ಥಿ ಗೋರ್ ಗೆದ್ದರೆಂದು ಹೇಳಿ ಹಿಂತೆಗೆದುಕೊಂಡವು, ನಡುರಾತ್ರಿ ದಾಟಿದ ಮೇಲೆ ರಿಪಬ್ಲಿಕನ್ ಅಭ್ಯರ್ಥಿ ಬುಷ್ ಎಂದು ಹೇಳಿ ಅದನ್ನೂ ಹಿಂತೆಗೆದುಕೊಂಡವು. ಅಂತಿಮ ಅಂತರ 537.

2020ರ ನವೆಂಬರ್ 4ರಂದು ಮಿಷಿಗನ್‌ನ ಡೆಟ್ರಾಯಿಟ್‌ನ ಎಣಿಕೆ ಕೇಂದ್ರದ ಗಾಜಿನಾಚೆ ಟ್ರಂಪ್ ಬೆಂಬಲಿಗರ ಗುಂಪು ಎಣಿಕೆ ನಿಲ್ಲಿಸಿ ಎಂದು ಕೂಗುತ್ತಿತ್ತು. ಅದೇ ದಿನ ಅರಿಜೋನಾದ ಫೀನಿಕ್ಸ್‌ನಲ್ಲಿ ಅದೇ ಪಕ್ಷದ ಗುಂಪು ಮತ ಎಣಿಸಿ ಎಂದು ಕೂಗಿತು. ಜನರನ್ನು ನಾನು ದೂರುವುದಿಲ್ಲ, ಅವರಿಗೆ ಹೇಳಿಕೊಟ್ಟದ್ದು ಹಾಗೆ. ಎರಡೂ ರಾಜ್ಯಗಳ ಎಣಿಕೆಯ ಕ್ರಮ ತಿಳಿದಿದ್ದೂ ಎರಡು ನಾಲಿಗೆಯಲ್ಲಿ ಮಾತಾಡಿದ ವ್ಯಾಖ್ಯಾನಕಾರರನ್ನು ಕ್ಷಮಿಸಲಾರೆ.

ವಿಸ್ಕಾನ್ಸಿನ್‌ನ ಮಿಲ್ವಾಕಿ ನಗರದಲ್ಲಿ ಅಂಚೆ ಮತಗಳನ್ನೆಲ್ಲ ಒಂದೇ ಕೇಂದ್ರದಲ್ಲಿ ಎಣಿಸುತ್ತಾರೆ, ಅಲ್ಲೂ ಬೆಳಿಗ್ಗೆ 7ಕ್ಕೆ ಮೊದಲು ಒಡೆಯುವಂತಿಲ್ಲ. ಸುಮಾರು 1,69,000 ಮತಗಳ ಲೆಕ್ಕ ಫ್ಲಾಶ್ ಡ್ರೈವ್‌ಗಳಲ್ಲಿ ಪೊಲೀಸ್ ಕಾವಲಿನೊಂದಿಗೆ ಕೌಂಟಿ ಕಚೇರಿಗೆ ಹೋಗಿ, ಬೆಳಗಿನ ಜಾವ 3ರ ಆಸುಪಾಸಿಗೆ ಒಟ್ಟಿಗೇ ಹೊರಬಿತ್ತು. ಗ್ರಾಫ್‌ನಲ್ಲಿ ಬೈಡನ್ ರೇಖೆ ಗೋಡೆಯಂತೆ ನೆಟ್ಟಗೆ ಮೇಲೆದ್ದಿತು. ಆ ಗೋಡೆಯ ಚಿತ್ರ ಎಷ್ಟು ತಿರುಗಾಡಿತು! ಅದೇ ಕಂತಿನಲ್ಲಿ ಟ್ರಂಪ್ ಮತಗಳೂ ಇದ್ದವು. ನಗರದ ಒಲವು ಎತ್ತ ಎಂಬುದೂ ಹೊಸದಲ್ಲ. ಆಮೇಲೆ ಟ್ರಂಪ್ ಪ್ರಚಾರ ತಂಡ 30 ಲಕ್ಷ ಡಾಲರ್ ಕಟ್ಟಿ ಮಿಲ್ವಾಕಿ ಮತ್ತು ಡೇನ್ ಕೌಂಟಿಗಳಲ್ಲಿ ಮರು ಎಣಿಕೆ ಮಾಡಿಸಿತು. ಬೈಡನ್ ಮುನ್ನಡೆ 87 ಹೆಚ್ಚಿತು.

ನಿಜವಾದ ತಪ್ಪು ಆಗಲೇ ಇಲ್ಲವೆಂದಲ್ಲ. ಮಿಷಿಗನ್‌ನ ಆಂಟ್ರಿಮ್ ರಿಪಬ್ಲಿಕನ್ನರ ಗಟ್ಟಿ ಕೌಂಟಿ. ಅಲ್ಲಿ ಆ ರಾತ್ರಿ ಬೈಡನ್ ಸುಮಾರು 3,000 ಮತಗಳಿಂದ ಮುಂದೆ ಎಂದು ತೋರಿಸಿತು. ಕೊನೆಗಳಿಗೆಯಲ್ಲಿ ಕೆಲವು ಊರುಗಳ ಮತಪತ್ರದ ವಿನ್ಯಾಸ ಬದಲಾಗಿತ್ತು. ಹೊಸ ವಿನ್ಯಾಸದ ಮಾಹಿತಿಯನ್ನು ಕೌಂಟಿಯ ಎಲ್ಲ ಎಣಿಕೆ ಯಂತ್ರಗಳಿಗೂ ಹಾಕಬೇಕಿತ್ತು, ಹಾಕಲಿಲ್ಲ. ಯಂತ್ರ ಕಳಿಸಿದ ಸಾಲಿಗೂ ಕಚೇರಿಯ ಕಂಪ್ಯೂಟರ್ ಓದಿದ ಸಾಲಿಗೂ ಹೊಂದಾಣಿಕೆ ತಪ್ಪಿ, ಒಬ್ಬರ ಮತ ಇನ್ನೊಬ್ಬರ ಸಾಲಿಗೆ ಬಿತ್ತು. ಮರುದಿನವೇ ಸಿಕ್ಕಿಬಿದ್ದ ಈ ತಪ್ಪನ್ನು ಯಂತ್ರದಿಂದ ಬಂದ ಕಾಗದದ ಪಟ್ಟಿಯೇ ಬಯಲು ಮಾಡಿತು. ಡಿಸೆಂಬರ್‌ನಲ್ಲಿ ಮತಪತ್ರಗಳನ್ನೆಲ್ಲ ಕೈಯಲ್ಲಿ ಎಣಿಸಿದಾಗ ತಿದ್ದಿದ ಲೆಕ್ಕಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಕೇವಲ 12. ಕಾಗದ ಉಳಿದಿದ್ದರೆ ತಪ್ಪನ್ನು ಸರಿಪಡಿಸಬಹುದು. ಆದರೆ ವಾರಗಟ್ಟಲೆ ಚರ್ಚೆಯಲ್ಲಿ ಉಳಿದದ್ದು ಯಂತ್ರ ಮತ ತಿರುಗಿಸಿತು ಎಂಬ ಅರ್ಧ ಮಾತು.

ಫಿಲಡೆಲ್ಫಿಯಾದ ಎಣಿಕೆ ಸಭಾಂಗಣದ ನೇರಪ್ರಸಾರವನ್ನು ಯಾರು ಬೇಕಾದರೂ ನೋಡಬಹುದಿತ್ತು. ವೀಕ್ಷಕರನ್ನು ಒಳಗೇ ಬಿಡುತ್ತಿಲ್ಲ ಎಂಬ ಮಾತು ಆಗಲೂ ಹರಡುತ್ತಲೇ ಇತ್ತು. ನವೆಂಬರ್ 5ರಂದು ಫೆಡರಲ್ ನ್ಯಾಯಾಧೀಶರು ನಿಮ್ಮವರು ಕೋಣೆಯಲ್ಲಿದ್ದಾರೆಯೇ ಎಂದು ನೇರವಾಗಿ ಕೇಳಿದಾಗ ಟ್ರಂಪ್ ತಂಡದ ವಕೀಲರು ಕೊಟ್ಟ ಉತ್ತರ, ‘ಸೊನ್ನೆಯಲ್ಲದಷ್ಟು’ ಜನ ಇದ್ದಾರೆ ಎಂದು. ಜಗಳ ಇದ್ದದ್ದು ಎಷ್ಟು ಅಡಿ ದೂರದಲ್ಲಿ ನಿಲ್ಲಬೇಕು ಎಂಬುದರ ಮೇಲೆ. ವಕೀಲ ನ್ಯಾಯಾಲಯದಲ್ಲಿ ಸುಳ್ಳು ಹೇಳಿದರೆ ಸನ್ನದು ಹೋದೀತು, ಟಿವಿಯಲ್ಲಿ ಆ ಭಯ ಇಲ್ಲ. ಟಿವಿಗೂ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ: ಎಣಿಕೆ ಯಂತ್ರ ತಯಾರಿಸುತ್ತಿದ್ದ ಡೊಮಿನಿಯನ್ ಕಂಪನಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

ಈ ರೋಗ ಒಂದೇ ಪಕ್ಷದ್ದಲ್ಲ. 2004ರಲ್ಲಿ ಓಹಾಯೋವನ್ನು ಬುಷ್ ಗೆದ್ದಾಗ ಎಣಿಕೆಯ ಮೇಲೆ ಅನುಮಾನ ಎಬ್ಬಿಸಿದವರು ಡೆಮಾಕ್ರಟರ ಕಡೆಯವರು. 2005ರ ಜನವರಿ 6ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಒಬ್ಬ ಸೆನೆಟರ್, ಒಬ್ಬ ಪ್ರತಿನಿಧಿ ಆ ರಾಜ್ಯದ ಮತಗಳಿಗೆ ವಿಧಿವತ್ತಾಗಿ ಆಕ್ಷೇಪ ಎತ್ತಿದರು. ಆದರೆ ಸೋತ ಅಭ್ಯರ್ಥಿ ಜಾನ್ ಕೆರ್ರಿ ಚುನಾವಣೆಯ ಮರುದಿನವೇ ಸೋಲೊಪ್ಪಿಕೊಂಡಿದ್ದರು. 2020ರಲ್ಲಿ ಅಭ್ಯರ್ಥಿಯೇ ಒಪ್ಪಲಿಲ್ಲ. ನನಗೆ ಇವೆರಡೂ ಒಂದೇ ತೂಕದವು ಅನಿಸುವುದಿಲ್ಲ.

ನವೆಂಬರ್ 6ರ ಶುಕ್ರವಾರ ಬೆಳಿಗ್ಗೆ ಪೆನ್ಸಿಲ್ವೇನಿಯಾದಲ್ಲಿ ಬೈಡನ್ ಮುಂದೆ ಬಂದರು, ಶನಿವಾರ ಘೋಷಣೆಯಾಯಿತು. ಅಂತಿಮ ಅಂತರ 80,555. ಈ ನಾಲ್ಕು ದಿನಗಳ ನಿರ್ವಾತವೇ ಬೇಕಿರಲಿಲ್ಲ. ಒಂದಿಷ್ಟು ದಿನ ಮೊದಲೇ ಲಕೋಟೆ ಒಡೆಯಲು ಬಿಡಿ ಎಂದು ಕೌಂಟಿ ಅಧಿಕಾರಿಗಳು ಚುನಾವಣೆಗೆ ಮುಂಚೆಯೇ ಬೇಡಿದ್ದರು. ರಿಪಬ್ಲಿಕನ್ ಶಾಸನಸಭೆಗೂ ಡೆಮಾಕ್ರಟ್ ಗವರ್ನರ್‌ಗೂ ಬೇರೆ ಷರತ್ತುಗಳ ಮೇಲೆ ಒಮ್ಮತ ಬರದೆ ಅದು ಬಿದ್ದುಹೋಯಿತು. ಮಿಷಿಗನ್ ತನ್ನ ದೊಡ್ಡ ನಗರಗಳಿಗೆ ಹಿಂದಿನ ದಿನ 10 ಗಂಟೆಗಳ ಅವಕಾಶವನ್ನಾದರೂ ಕೊಟ್ಟಿತ್ತು.

2022ರಲ್ಲಿ ಪೆನ್ಸಿಲ್ವೇನಿಯಾ ಕೌಂಟಿಗಳಿಗೆ ಅನುದಾನ ಕೊಟ್ಟು, ಹಣ ಪಡೆದವರು ಎಣಿಕೆಯನ್ನು ಮುಗಿಯುವವರೆಗೂ ನಿಲ್ಲಿಸಬಾರದು ಎಂಬ ಷರತ್ತು ಹಾಕಿತು. ಅಂಚೆ ಮತಗಳೂ ಕಡಿಮೆಯಾದವು. 2024ರಲ್ಲಿ ಆ ರಾಜ್ಯದ ಫಲಿತಾಂಶವನ್ನು ಎಪಿ ಅದೇ ರಾತ್ರಿ 2.30ರೊಳಗೆ ಹೇಳಿತು, ಗೆದ್ದವರು ಟ್ರಂಪ್. ಮೂಲ ಕಾನೂನು ಮಾತ್ರ ಬದಲಾಗಿರಲಿಲ್ಲ: ಆ ನವೆಂಬರ್ 5ರಂದೂ ಬೆಳಿಗ್ಗೆ 7 ಗಂಟೆಗೆ ಮೊದಲು ಒಂದು ಲಕೋಟೆಯನ್ನೂ ಒಡೆಯುವಂತಿರಲಿಲ್ಲ.