ಡೆಟ್ ಪ್ಲಾನ್ ಶುರುವಾಗುವ ಮೊದಲು ಖಾತೆ ಬದಲಿಸಿ

ಬ್ರಿಟನ್ನಿನಲ್ಲಿ ಸಾಲ ಹೆಚ್ಚಾಗಿ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್‌ಗೆ (ಸಾಲಗಳನ್ನು ಕೈಗೆಟುಕುವ ತಿಂಗಳ ಕಂತಿನಲ್ಲಿ ತೀರಿಸುವ ಒಪ್ಪಂದ) ಹೋಗುತ್ತಿರುವ ನಮ್ಮವರಿಗೆ ನಾನು ಮೊದಲು ಹೇಳುವುದು ಇದನ್ನೇ: ಸಂಬಳ ಬೀಳುವ ಖಾತೆ ಬದಲಿಸಿ. ಸಾಲವೂ ಸಂಬಳವೂ ಒಂದೇ ಬ್ಯಾಂಕಿನಲ್ಲಿದ್ದರೆ, ಕಂತು ತಪ್ಪಿದಾಗ ಅವರು ನಿಮ್ಮ ಖಾತೆಯಿಂದಲೇ ದುಡ್ಡು ಹಿಡಿದುಕೊಳ್ಳಬಹುದು. ಇದಕ್ಕೆ 'ರೈಟ್ ಆಫ್ ಸೆಟ್-ಆಫ್' ಅಂತಾರೆ. ಬಾಡಿಗೆ, ದಿನಸಿಗೆ ಬೇಕಾದಷ್ಟು ಬಿಡಬೇಕು ಅಂತ ನಿಯಮವಿದೆ, ಆದರೆ ತಿಂಗಳ ಕೊನೆಯಲ್ಲಿ ಅದನ್ನು ನಂಬಿಕೊಂಡು ಕೂರೋಕಾಗಲ್ಲ, ಅಲ್ವಾ?

ಹೊಸ ಬ್ಯಾಂಕ್ ಹಳೆಯದರ ಬಳಗದ್ದಾಗಿರಬಾರದು. ಹ್ಯಾಲಿಫ್ಯಾಕ್ಸ್, ಲಾಯ್ಡ್ಸ್ ಎರಡೂ ಒಂದೇ ಗುಂಪು. ಫಸ್ಟ್ ಡೈರೆಕ್ಟ್ ಎಚ್‌ಎಸ್‌ಬಿಸಿಯದು. 'ಬೇಸಿಕ್' ಖಾತೆ ಕೇಳಿ. ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸೌಲಭ್ಯ) ಇರುವುದಿಲ್ಲ, ತಿಂಗಳ ಶುಲ್ಕವೂ ಇಲ್ಲ, ಕ್ರೆಡಿಟ್ ದಾಖಲೆ ಕೆಟ್ಟಿದ್ದರೂ ಸಾಮಾನ್ಯವಾಗಿ ಸಿಗುತ್ತದೆ.

7 ಕೆಲಸದ ದಿನಗಳಲ್ಲಿ ಎಲ್ಲವನ್ನೂ ವರ್ಗಾಯಿಸುವ ಸ್ವಿಚ್ ಸೇವೆ ಹಳೇ ಖಾತೆಯನ್ನೇ ಮುಚ್ಚುತ್ತದೆ, ಹಾಗಾಗಿ ಓವರ್‌ಡ್ರಾಫ್ಟ್ ಬಾಕಿ ಇರುವವರಿಗೆ ಅದು ಹೊಂದುವುದಿಲ್ಲ. ಸಂಬಳ, ಕರೆಂಟು, ಬಾಡಿಗೆ ಎಲ್ಲವನ್ನೂ ನೀವೇ ಒಂದೊಂದಾಗಿ ಹೊಸ ಖಾತೆಗೆ ತನ್ನಿ. ಪೇಡೇ ಸಾಲ (ಮುಂದಿನ ಸಂಬಳದವರೆಗಿನ ಸಣ್ಣ ಸಾಲ) ಕೊಟ್ಟವರಿಗೆ ಕಾರ್ಡ್ ನಂಬರ್ ಕೊಟ್ಟಿದ್ದರೆ, ಅವರು ಅದರಿಂದ ದುಡ್ಡು ಎಳೆಯುವ ಅನುಮತಿ ಡೈರೆಕ್ಟ್ ಡೆಬಿಟ್ (ಖಾತೆಯಿಂದ ತಾನಾಗಿ ಹೋಗುವ ಪಾವತಿ) ಪಟ್ಟಿಯಲ್ಲಿ ಕಾಣಲ್ಲ. ಬ್ಯಾಂಕಿಗೆ ಹೇಳಿ ಬೇರೆಯಾಗಿಯೇ ರದ್ದು ಮಾಡಿಸಬೇಕು. ಪ್ಲಾನ್ ಮಾಡಿಕೊಡಲು ಶುಲ್ಕ ಕೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ, ಸ್ಟೆಪ್‌ಚೇಂಜ್ ಸಂಸ್ಥೆ ಅದನ್ನು ಉಚಿತವಾಗಿ ಮಾಡುತ್ತದೆ.