ಎರಡನೇ ವೈಫೈ ಕನೆಕ್ಟ್ ಆಗುತ್ತೆ, ನೆಟ್ ಮಾತ್ರ ಬರಲ್ಲ

ಮನೆಯ ಮುಖ್ಯ ವೈಫೈನಲ್ಲಿ ವಿಡಿಯೊ ಸಲೀಸಾಗಿ ಓಡುತ್ತಿದೆ. ಮೇಲಿನ ಮಹಡಿಯ ಬಾಡಿಗೆಯವರಿಗೋ, ಬಂದುಹೋಗುವ ನೆಂಟರಿಗೋ, ಗೇಟಿನ ಕ್ಯಾಮೆರಾಕ್ಕೋ ಇರಲಿ ಅಂತ ಅದೇ ಡಬ್ಬಿಯಲ್ಲಿ ಇನ್ನೊಂದು ಹೆಸರಿನ ವೈಫೈ ಆನ್ ಮಾಡುತ್ತೀರಿ. ಫೋನು ಪಾಸ್‌ವರ್ಡ್ ಒಪ್ಪಿಕೊಳ್ಳುತ್ತದೆ, ಸಿಗ್ನಲ್ ತುಂಬಿ ತುಳುಕುತ್ತಿದೆ, ಪಕ್ಕದಲ್ಲೇ ಒಂದು ಪುಟ್ಟ ಆಶ್ಚರ್ಯಸೂಚಕ ಚಿಹ್ನೆ: ಇಂಟರ್ನೆಟ್ ಇಲ್ಲ.

ಇಲ್ಲಿಗೆ ಬಂದವರು ಮೊದಲು ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಅದರಿಂದ ನಷ್ಟವಿಲ್ಲ. ಆದರೆ ಹಿಂಬದಿಯ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಲು ಹೋಗಬೇಡಿ. ಫೈಬರ್ ಡಬ್ಬಿಯಲ್ಲಿ, ಅಂದರೆ ಓಎನ್‌ಟಿಯಲ್ಲಿ, ಕಂಪನಿಯ ನೆಟ್‌ಗೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮು, ಪಾಸ್‌ವರ್ಡು, ಲೈನಿನ ವಿಲ್ಯಾನ್ ನಂಬರು ಎಲ್ಲ ಒಳಗೆ ಬರೆದಿಟ್ಟಿರುತ್ತವೆ. ರೀಸೆಟ್ ಮಾಡಿದರೆ ಅವು ಅಳಿಸಿಹೋಗಬಹುದು. ಇದ್ದೊಂದು ನೆಟ್ಟೂ ಹೋಗಿ, ಕೇಬಲ್‌ನವರ ಹುಡುಗ ಬರುವ ತನಕ ಕಾಯುವ ಪಾಡು.

ಮುಖ್ಯ ವೈಫೈ ಓಡುತ್ತಿದೆ ಎಂದ ಮೇಲೆ ಫೈಬರು, ಲೈನು, ಪ್ಲಾನು, ಬಿಲ್ಲು ಯಾವುದರಲ್ಲೂ ತಕರಾರಿಲ್ಲ. ಎರಡನೇ ವೈಫೈಯಿಂದ ಹೊರಗಿನ ನೆಟ್‌ಗೆ ಹೋಗುವ ದಾರಿ ಡಬ್ಬಿಯೊಳಗೇ ಎಲ್ಲೋ ಕಟ್ಟಾಗಿದೆ. ಎಲ್ಲಿ ಅಂತ ಫೋನೇ ಹೇಳುತ್ತದೆ.

ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಇದ್ದರೆ ಅದನ್ನೂ. ಇಲ್ಲದಿದ್ದರೆ ವೈಫೈ ಸತ್ತಿದ್ದರೂ ಡೇಟಾದಲ್ಲಿ ಪುಟ ತೆರೆದುಕೊಂಡು ನಿಮ್ಮನ್ನು ಏಮಾರಿಸುತ್ತದೆ. ಈಗ ವೈಫೈ ಹೆಸರಿನ ಪಕ್ಕದ ಗೇರ್ ಗುರುತು (ಐಫೋನಿನಲ್ಲಿ 'ಐ' ಗುರುತು) ಒತ್ತಿ, ಐಪಿ ವಿಳಾಸ (ಫೋನಿಗೆ ಸಿಕ್ಕ ನಂಬರು), ಗೇಟ್‌ವೇ (ಹೊರಗೆ ದಾಟಿಸುವ ಡಬ್ಬಿಯ ವಿಳಾಸ), ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ನಂಬರು ಹುಡುಕಿಕೊಡುವ ಸರ್ವರು) ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಖ್ಯ ವೈಫೈಗೆ ಹೋಗಿ ಅದೇ ಮೂರನ್ನು ಪಕ್ಕದಲ್ಲಿ ಬರೆಯಿರಿ. ಅರ್ಧ ಕೆಲಸ ಈ ಚೀಟಿಯಲ್ಲೇ ಮುಗಿಯುತ್ತದೆ.

ಐಪಿ 169.254ರಿಂದ ಶುರುವಾಗಿದ್ದರೆ ಫೋನಿಗೆ ಯಾರೂ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವಿಂಡೋಸ್ ಮತ್ತು ಐಫೋನ್ ಹೀಗೆ ಮಾಡುತ್ತವೆ. ಆಂಡ್ರಾಯ್ಡ್ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎನ್ನುತ್ತಾ ನಿಂತು, ಕೊನೆಗೆ ಕೈಬಿಡುತ್ತದೆ. ಎರಡೂ ಕಡೆ ಕಾಯಿಲೆ ಒಂದೇ, ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಕೊಡುತ್ತಿಲ್ಲ. ಐಪಿ 192.168 ಅಥವಾ 10ರಿಂದ ಶುರುವಾಗಿದ್ದು ಗೇಟ್‌ವೇಯೂ ಸರಿಯಾಗಿದ್ದರೆ ಲ್ಯಾಪ್‌ಟಾಪನ್ನು ಅದೇ ವೈಫೈಗೆ ಹಾಕಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8ಕ್ಕೆ (ಗೂಗಲ್‌ನ ಡಿಎನ್‌ಎಸ್ ಸರ್ವರು) ಪಿಂಗ್ ಮಾಡಿ, ಅಂದರೆ ಕೂಗಿದರೆ ಓಗೊಡುತ್ತದೆಯೇ ನೋಡಿ. ಉತ್ತರ ಬಂದೂ ವೆಬ್‌ಸೈಟ್ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನಪಡಿ. ಉತ್ತರವೇ ಬರದಿದ್ದರೆ ಹೊರದಾರಿಯೇ ಇಲ್ಲ. ಒಂದು ಮಾತು: ಗೆಸ್ಟ್ ವೈಫೈಯಲ್ಲಿ, ಅಂದರೆ ನೆಂಟರಿಗೆಂದು ಬೇರೆ ಇಟ್ಟದ್ದರಲ್ಲಿ, ಗೇಟ್‌ವೇಗೆ ಪಿಂಗ್ ಮಾಡಿದರೆ ಉತ್ತರ ಬರದೇ ಇರಬಹುದು. ಡಬ್ಬಿಯೊಳಗಿನ ಕಾವಲುಗಾರ ಫೈರ್‌ವಾಲ್ ಬೇಕೆಂದೇ ತಡೆದಿರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ.

ನಮ್ಮ ಕಡೆಯ ಫೈಬರ್ ಡಬ್ಬಿಗಳಲ್ಲಿ ನಾನು ಮೊದಲು ನೋಡುವುದು ಪೋರ್ಟ್ ಬೈಂಡಿಂಗ್, ಅಂದರೆ ಯಾವ ತೂತಿಗೆ, ಯಾವ ವೈಫೈಗೆ ನೆಟ್ ಹೋಗಬೇಕೆಂಬ ಜೋಡಣೆ. ಮಿಕ್ಕಿದ್ದೆಲ್ಲ ಆಮೇಲೆ. ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ (ಹೆಚ್ಚಾಗಿ 192.168.1.1 ಅಥವಾ 192.168.100.1) ಹಾಕಿ ಲಾಗಿನ್ ಆಗಿ, ನೆಟ್‌ವರ್ಕ್ ಮೆನುವಿನಲ್ಲಿ ವ್ಯಾನ್ (ಹೊರಗಿನ ನೆಟ್ ಕಡೆಯ ಸಂಪರ್ಕ) ಪುಟ ತೆರೆಯಿರಿ. ಅಲ್ಲಿ ಒಂದೋ ಎರಡೋ ಮೂರೋ ಸಾಲುಗಳಿರುತ್ತವೆ. ಹೆಸರುಗಳು ಉದ್ದುದ್ದ ಇರುತ್ತವೆ, ಒಂದರಲ್ಲಿ 'ಇಂಟರ್ನೆಟ್' ಎಂದಿರುತ್ತದೆ, ನೆಟ್ ಬರುವುದು ಆ ಸಾಲಿನಿಂದ. 'ಟಿಆರ್069' ಎಂದು ಮಾತ್ರ ಇರುವ ಸಾಲು ಕಂಪನಿಯವರು ದೂರದಿಂದಲೇ ಡಬ್ಬಿಯನ್ನು ನಿಭಾಯಿಸಲು ಇಟ್ಟುಕೊಂಡಿರುವುದು, ಅದರ ತಂಟೆಗೆ ಹೋಗಬೇಡಿ.

ಇಂಟರ್ನೆಟ್ ಸಾಲನ್ನು ತೆರೆದು ಪುಟದ ಕೆಳಗೆ ಇಳಿದರೆ ಪುಟ್ಟ ಚೌಕಗಳ ಒಂದು ಗುಂಪು ಸಿಗುತ್ತದೆ: ಲ್ಯಾನ್1, ಲ್ಯಾನ್2, ಎಸ್‌ಎಸ್‌ಐಡಿ1, ಎಸ್‌ಎಸ್‌ಐಡಿ2, ಹೀಗೆ. ಲ್ಯಾನ್ ಅಂದರೆ ಮನೆಯೊಳಗಿನ ಕೇಬಲ್ ತೂತು, ಎಸ್‌ಎಸ್‌ಐಡಿ ಅಂದರೆ ವೈಫೈ ಹೆಸರು. ಕೆಲವು ಡಬ್ಬಿಗಳಲ್ಲಿ ಇದಕ್ಕೆ 'ಪೋರ್ಟ್ ಮ್ಯಾಪಿಂಗ್' ಎಂಬ ಹೆಸರು, ಚೌಕಗಳಿಗೆ 'ಡಬ್ಲ್ಯುಲ್ಯಾನ್0', 'ಡಬ್ಲ್ಯುಲ್ಯಾನ್0-ಎಪಿ1' ಎಂಬ ಹೆಸರುಗಳು. ಟಿಕ್ ಇರುವ ಚೌಕಕ್ಕೆ ಮಾತ್ರ ಈ ಸಾಲಿನಿಂದ ನೆಟ್ ಹೋಗುತ್ತದೆ. ಲೈನ್ ಹಾಕಲು ಬಂದವರು ಲ್ಯಾನ್1ಕ್ಕೂ ಎಸ್‌ಎಸ್‌ಐಡಿ1ಕ್ಕೂ ಟಿಕ್ ಹಾಕಿ ಹೊರಟುಹೋಗಿರುತ್ತಾರೆ. ಆ ದಿನ ಎರಡನೇ ವೈಫೈ ಇರಲಿಲ್ಲವಲ್ಲ! ನೀವು ವೈಫೈ ಪುಟದಲ್ಲಿ ಎಸ್‌ಎಸ್‌ಐಡಿ2 ಆನ್ ಮಾಡಿದ್ದು ಬಾಗಿಲು ತೆರೆದ ಹಾಗಾಯಿತು, ಬಾಗಿಲಾಚೆ ರಸ್ತೆ ಕೂಡಿಸಿಲ್ಲ.

ಇನ್ನೊಂದು ಎಡವಟ್ಟು ಚೌಕಗಳ ಲೆಕ್ಕದ್ದು. ಎರಡು ಬ್ಯಾಂಡಿನ ಹಲವು ಡಬ್ಬಿಗಳಲ್ಲಿ ಎಸ್‌ಎಸ್‌ಐಡಿ 1ರಿಂದ 4 ಅಂದರೆ 2.4 ಗಿಗಾಹರ್ಟ್ಸ್, 5ರಿಂದ 8 ಅಂದರೆ 5 ಗಿಗಾಹರ್ಟ್ಸ್. ಗೆಸ್ಟ್ ವೈಫೈಯನ್ನು ಎರಡೂ ಬ್ಯಾಂಡಿನಲ್ಲಿ ಇಟ್ಟಿದ್ದರೆ 2 ಮತ್ತು 6 ಎರಡಕ್ಕೂ ಟಿಕ್ ಬೇಕು. 2ಕ್ಕೆ ಮಾತ್ರ ಹಾಕಿದರೆ ಹಳೆಯ ಫೋನಿಗೂ ಕ್ಯಾಮೆರಾಕ್ಕೂ ನೆಟ್ ಬರುತ್ತದೆ, 5 ಗಿಗಾಹರ್ಟ್ಸ್ ಹಿಡಿಯುವ ಹೊಸ ಫೋನಿಗೆ ಬರುವುದಿಲ್ಲ. ಜನ ಆಗ ಫೋನನ್ನೇ ಬೈಯುತ್ತಾರೆ.

ಟಿಕ್ ಹಾಕುವ ಮುಂಚೆ ಆ ಪುಟವನ್ನು ಮೇಲಿಂದ ಕೆಳಗಿನ ತನಕ ಫೋಟೊ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿಗಳಷ್ಟೇ ಕಾಣುತ್ತವೆ, ಅದನ್ನು ಮುಟ್ಟದೆ ಚೌಕವನ್ನು ಮಾತ್ರ ಬದಲಿಸಿ ಅಪ್ಲೈ ಕೊಡಿ. ಲೈನು ಒಂದು ನಿಮಿಷ ಬಿದ್ದು ಮತ್ತೆ ಏಳಬಹುದು. ಫೋನಿನಲ್ಲಿ ಆ ವೈಫೈಯನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಸಿ. ಒಂದು ಚೌಕ ಒಂದೇ ಸಾಲಿಗೆ ಸೇರಬಹುದು. ಎಸ್‌ಎಸ್‌ಐಡಿ2 ಮೊದಲೇ ಟಿವಿಗೆಂದು ಮಾಡಿದ ಬ್ರಿಡ್ಜ್ ಸಾಲಿಗೆ (ಡಬ್ಬಿ ತಾನು ವಿಳಾಸ ಹಂಚದೆ ನೇರ ಕಂಪನಿಯ ಕಡೆಗೆ ದಾಟಿಸುವ ಸಾಲು) ಸೇರಿದ್ದರೆ ಅಲ್ಲಿಂದ ಬಿಡಿಸಿ ಇಲ್ಲಿಗೆ ತರಬೇಕು. ಬ್ರಿಡ್ಜ್ ಸಾಲಿಗೆ ಕಟ್ಟಿದ ವೈಫೈಗೆ ಸಾಮಾನ್ಯವಾಗಿ ಐಪಿಯೇ ಸಿಗುವುದಿಲ್ಲ. ಚೀಟಿಯಲ್ಲಿ 169.254 ಕಂಡಿದ್ದರೆ ಇದೂ ಒಂದು ಕಾರಣ.

ಡಬ್ಬಿಯ ತಳದ ಸ್ಟಿಕರ್‌ನಲ್ಲಿರುವ ಲಾಗಿನ್‌ನಲ್ಲಿ ವ್ಯಾನ್ ಪುಟವೇ ಕಾಣದಿದ್ದರೆ ಅದು ಕೆಳದರ್ಜೆಯ ಲಾಗಿನ್. ಮೇಲಿನದನ್ನು ಕಂಪನಿಯವರು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ಫೋನ್ ಮಾಡಿದಾಗ 'ನೆಟ್ ಬರ್ತಿಲ್ಲ' ಅನ್ನಬೇಡಿ, ಹಾಗಂದರೆ ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ. 'ಎಸ್‌ಎಸ್‌ಐಡಿ ಎರಡು ಮತ್ತು ಆರನ್ನು ಇಂಟರ್ನೆಟ್ ವ್ಯಾನ್‌ಗೆ ಬೈಂಡ್ ಮಾಡಿಕೊಡಿ' ಅನ್ನಿ. ಕೂತಲ್ಲಿಂದಲೇ ಮಾಡಿಕೊಡಬಹುದಾದ ಕೆಲಸ ಅದು. ನೀವೇ ಹಾಕಿದ ಟಿಕ್ ರೀಸ್ಟಾರ್ಟ್ ಆದ ಮೇಲೆ ಮಾಯವಾಗುತ್ತಿದ್ದರೂ ಅವರನ್ನೇ ಕೇಳಬೇಕು. ಅವರ ಸರ್ವರು ಹಳೇ ಸೆಟ್ಟಿಂಗನ್ನು ಮತ್ತೆ ಕಳಿಸುತ್ತಿರಬಹುದು.

ಎರಡನೇ ವೈಫೈ ಬೇರೆ ರೂಟರಿನಿಂದ ಬರುತ್ತಿದ್ದರೆ ಕತೆ ಬೇರೆ. ಹೊಸ ರೂಟರಿನ ವ್ಯಾನ್ ತೂತಿಗೆ ಕೇಬಲ್ ಹಾಕಿದ್ದು, ಎರಡೂ ಡಬ್ಬಿಗಳ ವಿಳಾಸ 192.168.1.1 ಆಗಿದ್ದರೆ, ಮುಖ್ಯ ಡಬ್ಬಿ ಹೊರಗಿದೆಯೋ ಒಳಗಿದೆಯೋ ಅಂತ ಹೊಸ ರೂಟರಿಗೆ ತಿಳಿಯುವುದಿಲ್ಲ. ಹೊಸದರ ವಿಳಾಸವನ್ನು 192.168.2.1 ಮಾಡಿದರೆ ಮುಗಿಯಿತು. ಹಲವು ಹೊಸ ರೂಟರುಗಳು ತಾವೇ ಬದಲಿಸಿಕೊಳ್ಳುತ್ತವೆ. ಕೇಬಲನ್ನು ಲ್ಯಾನ್ ತೂತಿಗೆ ಹಾಕಿದ್ದರೆ ಹೊಸ ರೂಟರಿನ ಡಿಎಚ್‌ಸಿಪಿ ಆಫ್ ಆಗಿರಲೇಬೇಕು. ಆಫ್ ಮಾಡದಿದ್ದರೆ ಎರಡು ಡಬ್ಬಿಗಳೂ ಪೈಪೋಟಿಯಲ್ಲಿ ವಿಳಾಸ ಹಂಚುತ್ತವೆ, ಹೊಸದರ ಕೈಯಿಂದ ವಿಳಾಸ ಪಡೆದ ಫೋನು ವ್ಯಾನ್ ತೂತು ಖಾಲಿ ಇರುವ ಆ ಡಬ್ಬಿಯನ್ನೇ ಗೇಟ್‌ವೇ ಎಂದು ನಂಬಿ ಕೂರುತ್ತದೆ. ಒಂದು ಫೋನಿಗೆ ನೆಟ್ ಇದ್ದು ಪಕ್ಕದ ಫೋನಿಗೆ ಇಲ್ಲ, ಅರ್ಧ ದಿನ ಬಿಟ್ಟು ಅದಲು ಬದಲು, ಇಂಥ ವಿಚಿತ್ರ ಕಂಡರೆ ಇದನ್ನೇ ನೋಡಿ. ಮಾಡುವಾಗ ಕ್ರಮ ಮುಖ್ಯ: ಮೊದಲು ಹೊಸದರ ಲ್ಯಾನ್ ಐಪಿಯನ್ನು 192.168.1.2 ಮಾಡಿ (ಮುಖ್ಯ ಡಬ್ಬಿ ಹಂಚುವ ಪಟ್ಟಿಯಲ್ಲಿ ಆ ವಿಳಾಸ ಇರಬಾರದು), ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ, ಕೊನೆಗೆ ಕೇಬಲ್ ಹಾಕಿ. ಹೊಸ ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹರಡುವ ಆಯ್ಕೆ) ಇದ್ದರೆ ಇಷ್ಟೂ ಒಂದೇ ಗುಂಡಿಯಲ್ಲಿ ಆಗುತ್ತದೆ.

ಆದರೆ ಆ ಮೋಡ್‌ನಲ್ಲಿ ಗೆಸ್ಟ್ ವೈಫೈ ಇಟ್ಟವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಗೆಸ್ಟ್‌ನವರು ಮನೆಯ ಒಳಗಿನ ವಿಳಾಸಗಳನ್ನು ಮುಟ್ಟಬಾರದು ಎಂಬ ತಡೆ 192.168.1.1ಕ್ಕೂ ಬೀಳುತ್ತದೆ. ಫೋನಿಗೆ ಕೊಟ್ಟ ಡಿಎನ್‌ಎಸ್ ವಿಳಾಸವೂ ಅದೇ! 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಹಾಕಿದರೆ ಏನೂ ತೆರೆಯುವುದಿಲ್ಲ. ಮುಖ್ಯ ಡಬ್ಬಿಯ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಮತ್ತು 1.1.1.1 ಎಂಬ ಹೊರಗಿನ ಡಿಎನ್‌ಎಸ್ ವಿಳಾಸಗಳನ್ನು ಬರೆದರೆ ಸರಿಹೋಗುತ್ತದೆ. ಹೆಸರುಗಳು ಒಂದು ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ತೆರೆಯದಿದ್ದರೆ ಅದರ 'ಪ್ರೈವೇಟ್ ಡಿಎನ್‌ಎಸ್' ಸೆಟ್ಟಿಂಗ್ (ಡಿಎನ್‌ಎಸ್ ಪ್ರಶ್ನೆಗಳನ್ನು ಗುಟ್ಟಾಗಿ ಕಳಿಸುವುದು) ನೋಡಿ. ಅದು 853ನೇ ಪೋರ್ಟ್ ಬಳಸುತ್ತದೆ, ಗೆಸ್ಟ್ ಫೈರ್‌ವಾಲ್ ಆ ಪೋರ್ಟ್ ಮುಚ್ಚಿದ್ದರೆ 'ಆಟೊಮ್ಯಾಟಿಕ್'ಗೆ ಬದಲಿಸಿ.

ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಸಾಧನಗಳ ಗುರುತಿನ ನಂಬರನ್ನು, ಅಂದರೆ ಮ್ಯಾಕ್ ವಿಳಾಸವನ್ನು, ನೋಡಿ ಒಳಗೆ ಬಿಡುವುದು) ಇಟ್ಟವರಿಗೊಂದು ಎಚ್ಚರಿಕೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ವೈಫೈ ಹೆಸರಿಗೆ ಒಂದೊಂದು ಮ್ಯಾಕ್ ವಿಳಾಸ ತೋರಿಸುತ್ತವೆ. ಮುಖ್ಯ ವೈಫೈನಲ್ಲಿ ಒಪ್ಪಿಗೆ ಪಡೆದ ಅದೇ ಫೋನು ಎರಡನೆಯದರಲ್ಲಿ ಅಪರಿಚಿತ. ಮ್ಯಾಕ್ ಫಿಲ್ಟರ್ ನನಗಂತೂ ಲಾಭಕ್ಕಿಂತ ತಲೆನೋವೇ ಜಾಸ್ತಿ ಅನ್ನಿಸುತ್ತದೆ. ಒಳ್ಳೆಯ ಪಾಸ್‌ವರ್ಡ್ ಇದ್ದರೆ ಅದನ್ನು ತೆಗೆದುಬಿಡಬಹುದು.

ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡವರು ನೋಡಬೇಕಾದದ್ದು ಮೂರೇ. ಗೆಸ್ಟ್ ಇಂಟರ್‌ಫೇಸಿಗೆ ಡಿಎಚ್‌ಸಿಪಿ ಆನ್ ಆಗಿರಬೇಕು, ಗೆಸ್ಟ್ ಝೋನಿನಿಂದ ವ್ಯಾನ್‌ಗೆ ಫಾರ್ವರ್ಡಿಂಗ್ ಇರಬೇಕು, ಇನ್‌ಪುಟ್ ರಿಜೆಕ್ಟ್ ಮಾಡಿದ್ದರೆ 53 (ಡಿಎನ್‌ಎಸ್) ಮತ್ತು 67ನೇ (ಡಿಎಚ್‌ಸಿಪಿ) ಪೋರ್ಟ್‌ಗೆ ಬೇರೆ ರೂಲ್ ಬರೆದಿರಬೇಕು. ಮೂರನೆಯದನ್ನೇ ಜನ ಮರೆಯುವುದು. 67 ಮರೆತರೆ ಐಪಿ ಇಲ್ಲ, 53 ಮರೆತರೆ ಐಪಿ ಇದ್ದೂ ಹೆಸರು ತೆರೆಯುವುದಿಲ್ಲ.

ನೆಟ್ ಬಂದ ಮೇಲೆ ಗೆಸ್ಟ್ ವೈಫೈಯಲ್ಲೇ ಕೂತು ಬ್ರೌಸರಿನಲ್ಲಿ 192.168.1.1 ಹಾಕಿ. ಡಬ್ಬಿಯ ಲಾಗಿನ್ ಪುಟ ತೆರೆದುಕೊಂಡರೆ ಬಾಡಿಗೆಯವರಿಗೂ ನೆಂಟರ ಮಕ್ಕಳಿಗೂ ಅದು ತೆರೆಯುತ್ತದೆ. ಅನೇಕ ಓಎನ್‌ಟಿಗಳಲ್ಲಿ ಎಸ್‌ಎಸ್‌ಐಡಿ2 ಹೆಸರಿಗಷ್ಟೇ ಬೇರೆ, ಒಳಗೆ ಅದೇ ಮನೆಯ ನೆಟ್‌ವರ್ಕು. ವೈಫೈ ಪುಟದಲ್ಲಿ 'ಐಸೊಲೇಷನ್' (ಸೇರಿದವರನ್ನು ಬೇರೆಯಾಗಿಡುವ) ಆಯ್ಕೆ ಇದ್ದರೆ ಆನ್ ಮಾಡಿ, ಮತ್ತೊಮ್ಮೆ ಹಾಕಿ ನೋಡಿ. ಆಗಲೂ ತೆರೆದರೆ, ಸ್ಟಿಕರ್‌ನಲ್ಲಿರುವ ಆ ಅಡ್ಮಿನ್ ಪಾಸ್‌ವರ್ಡನ್ನು ಇವತ್ತೇ ಬದಲಿಸಿ.